ಮಿಕ್ಸರ್ ಹಸಿರಿನಲ್ಲಿದ್ದರೂ ಆಂಪ್ಲಿಫೈಯರ್ ಕೆಂಪಾಗುವುದೇಕೆ?

ಪ್ರಶ್ನೆ: ನಮ್ಮದು ಸಣ್ಣ ಧ್ವನಿ ವ್ಯವಸ್ಥೆ. 12 ಚಾನೆಲ್‌ಗಳ ಅನಲಾಗ್ ಮಿಕ್ಸರ್, 8 ಓಮ್‌ಗೆ ಒಂದೊಂದು ಬದಿಗೆ 400 ವ್ಯಾಟ್ ಕೊಡುವ ಆಂಪ್ಲಿಫೈಯರ್, 300 ವ್ಯಾಟ್ ಎಂದು ಬರೆದಿರುವ ಎರಡು ಸ್ಪೀಕರ್ ಬಾಕ್ಸ್‌ಗಳಿವೆ. ಭಾಷಣಗಳಿಗೆ ಮತ್ತು ಐದಾರು ಜನರ ಹಾಡು–ವಾದ್ಯಗಳ ಕಾರ್ಯಕ್ರಮಗಳಿಗೆ ಬಳಸುತ್ತೇವೆ. ಆಂಪ್ಲಿಫೈಯರ್‌ನ ಎರಡೂ ನಾಬ್‌ಗಳನ್ನು ಸದಾ ಫುಲ್ ಇಡುತ್ತೇವೆ. ಮಿಕ್ಸರ್‌ನ ಮೀಟರ್ ಸೊನ್ನೆಯ ಆಸುಪಾಸಿನಲ್ಲಿರುತ್ತದೆ, ಅದರ ಕೆಂಪು ದೀಪ ಒಮ್ಮೆಯೂ ಹತ್ತಿಲ್ಲ. ಆದರೂ ಹಾಡು ಜೋರಾದಾಗಲೆಲ್ಲ ಆಂಪ್ಲಿಫೈಯರ್‌ನ ಕ್ಲಿಪ್ ದೀಪ ಮಿನುಗುತ್ತದೆ. ಆರು ತಿಂಗಳಲ್ಲಿ ಎರಡು ಸಲ ಹಾರ್ನ್‌ನ (ಬಾಕ್ಸಿನಲ್ಲಿ ಮೇಲ್‌ಸ್ಥಾಯಿಯ ಧ್ವನಿ ಹೊರಡಿಸುವ ಭಾಗದ) ಡಯಾಫ್ರಾಮ್ ಹೋಗಿದೆ. ಯಾರೂ ಮಾತಾಡದಿರುವಾಗ ಬಾಕ್ಸ್‌ಗಳಿಂದ 'ಸ್‌ಸ್' ಎಂಬ ಸದ್ದು ಕೇಳುತ್ತಲೇ ಇರುತ್ತದೆ. 'ಆಂಪ್ ಯಾವಾಗಲೂ ಫುಲ್ ಇರಬೇಕು' ಎನ್ನುತ್ತಾರೆ ಒಬ್ಬರು. 'ಅರ್ಧಕ್ಕಿಡಿ, ಅರ್ಧ ಪವರ್ ಮಾತ್ರ ಹೋಗುತ್ತದೆ, ಸ್ಪೀಕರ್ ಉಳಿಯುತ್ತದೆ' ಎನ್ನುತ್ತಾರೆ ಇನ್ನೊಬ್ಬರು. 'ಆಂಪ್ ಸಣ್ಣದಾಯಿತು, 800 ವ್ಯಾಟಿನದು ತನ್ನಿ' ಎನ್ನುವುದು ಮೂರನೆಯವರ ಸಲಹೆ. ಆಂಪ್ಲಿಫೈಯರ್‌ನ ಕೈಪಿಡಿಯಲ್ಲಿ ಇನ್‌ಪುಟ್ ಸೆನ್ಸಿಟಿವಿಟಿ 1.4 ವೋಲ್ಟ್ ಎಂದಿದೆ. ಮಿಕ್ಸರ್‌ನ ಕೈಪಿಡಿಯಲ್ಲಿ ಮೀಟರಿನ ಸೊನ್ನೆ ಎಂದರೆ +4 ಡಿಬಿಯು, ಗರಿಷ್ಠ ಔಟ್‌ಪುಟ್ +22 ಡಿಬಿಯು ಎಂದಿದೆ. ನಾವು ಯಾರ ಮಾತು ಕೇಳಬೇಕು?

ಉತ್ತರ: ಕೈಪಿಡಿಯ ಅಂಕಿಗಳನ್ನು ಪ್ರಶ್ನೆಯ ಜೊತೆಗೇ ಕಳಿಸಿದ್ದಕ್ಕೆ ಕೃತಜ್ಞತೆಗಳು, ನಿಮ್ಮ ತೊಂದರೆಯ ಮೂಲ ಆ ಮೂರು ಅಂಕಿಗಳಲ್ಲೇ ಇದೆ. ಮಿಕ್ಸರ್ ಆರಾಮಾಗಿರುವಾಗ ಆಂಪ್ಲಿಫೈಯರ್ ಏಕೆ ಒದ್ದಾಡುತ್ತದೆ, ಡಯಾಫ್ರಾಮ್ ಏಕೆ ಸುಡುತ್ತದೆ, ಆ 'ಸ್‌ಸ್' ಎಲ್ಲಿಂದ ಬರುತ್ತದೆ ಎಂಬ ಮೂರು ಪ್ರಶ್ನೆಗಳು ಬೇರೆ ಬೇರೆಯಾಗಿ ಕಂಡರೂ ಅವಕ್ಕೆ ಕಾರಣ ಬಹುಮಟ್ಟಿಗೆ ಒಂದೇ. ನಿಮ್ಮ ಮಿಕ್ಸರ್ ತನ್ನ ಸಾಮರ್ಥ್ಯದ ಸಣ್ಣ ಪಾಲನ್ನು ಬಳಸುವಷ್ಟರಲ್ಲೇ ಆಂಪ್ಲಿಫೈಯರ್‌ನ ಸಾಮರ್ಥ್ಯ ಪೂರ್ತಿ ಮುಗಿದಿರುತ್ತದೆ.

ಲೆಕ್ಕ ನೋಡೋಣ. ಡಿಬಿ, ಅಂದರೆ ಡೆಸಿಬೆಲ್, ಒಂದು ಮಟ್ಟ ಇನ್ನೊಂದರ ಎಷ್ಟು ಪಟ್ಟು ಎಂದು ಹೇಳುವ ಅಳತೆ; ಡಿಬಿಯು ಎಂಬುದು 0.775 ವೋಲ್ಟನ್ನು ಸೊನ್ನೆ ಎಂದಿಟ್ಟುಕೊಂಡು ಅದನ್ನು ಎಣಿಸುವ ಕ್ರಮ. ಆ ಪ್ರಕಾರ ನಿಮ್ಮ ಮಿಕ್ಸರ್‌ನ ಮೀಟರ್ ಸೊನ್ನೆ ತೋರಿಸುವಾಗ, ಅಂದರೆ +4 ಡಿಬಿಯು ಇರುವಾಗ, ಹೊರಗೆ ಬರುತ್ತಿರುವುದು 1.23 ವೋಲ್ಟ್. ಇನ್‌ಪುಟ್ ಸೆನ್ಸಿಟಿವಿಟಿ 1.4 ವೋಲ್ಟ್ ಎಂದರೆ, ನಾಬ್ ಫುಲ್ ಇರುವಾಗ ಅಷ್ಟು ವೋಲ್ಟೇಜ್ ಒಳಗೆ ಬಂದರೆ ಸಾಕು, ಆಂಪ್ಲಿಫೈಯರ್ ತನ್ನ 400 ವ್ಯಾಟನ್ನೂ ಕೊಟ್ಟು ಮುಗಿಸುತ್ತದೆ ಎಂದರ್ಥ. 1.4 ವೋಲ್ಟ್ ಎಂದರೆ ಸುಮಾರು +5 ಡಿಬಿಯು. ಹಾಗಾಗಿ ಮಿಕ್ಸರ್ ಸೊನ್ನೆಯಲ್ಲಿರುವಾಗ ಆಂಪ್ಲಿಫೈಯರ್‌ಗೆ ಉಳಿದಿರುವ ಅವಕಾಶ ಬರೀ 1 ಡಿಬಿ. ಮಿಕ್ಸರ್‌ಗಾದರೋ ಇನ್ನೂ 18 ಡಿಬಿ ಬಾಕಿ ಇದೆ. ಅದು ಕೆಂಪು ದೀಪ ತೋರಿಸುವ ಹೊತ್ತಿಗೆ 9.8 ವೋಲ್ಟಿನಷ್ಟನ್ನು, ಅಂದರೆ ಆಂಪ್ಲಿಫೈಯರ್ ತಡೆದುಕೊಳ್ಳುವುದರ ಏಳು ಪಟ್ಟನ್ನು, ಹೊರಗೆ ಕಳಿಸುತ್ತಿರುತ್ತದೆ. ಮಿಕ್ಸರ್‌ನ ಹಸಿರು ದೀಪಗಳು ಮಿಕ್ಸರ್‌ನ ಸ್ಥಿತಿಯನ್ನಷ್ಟೇ ಹೇಳುತ್ತವೆ, ಮುಂದಿನ ಪೆಟ್ಟಿಗೆಯಲ್ಲಿ ಏನಾಗುತ್ತಿದೆ ಎಂಬುದು ಅವಕ್ಕೆ ತಿಳಿಯದು.

ಮಾತಿನಲ್ಲಾಗಲಿ ಸಂಗೀತದಲ್ಲಾಗಲಿ ಸಿಗ್ನಲ್ ಒಂದೇ ಮಟ್ಟದಲ್ಲಿ ನಿಲ್ಲುವುದಿಲ್ಲ. ತಾಳವಾದ್ಯದ ಒಂದು ಪೆಟ್ಟು ಅಥವಾ ಗಾಯಕರು ಎತ್ತಿ ಹಿಡಿದ ಒಂದು ಸ್ವರ ಸರಾಸರಿ ಮಟ್ಟಕ್ಕಿಂತ 12ರಿಂದ 20 ಡಿಬಿ ಮೇಲಕ್ಕೆ ಹೋಗುವುದು ತೀರಾ ಸಾಮಾನ್ಯ. ಸರಾಸರಿಯ ಮೇಲೆ ಕೇವಲ 1 ಡಿಬಿ ಜಾಗವಿರುವ ಆಂಪ್ಲಿಫೈಯರ್‌ನಲ್ಲಿ ಆ ತುದಿಗಳಷ್ಟೂ ಕತ್ತರಿಸಿಹೋಗುತ್ತವೆ. ಹೀಗೆ ಕತ್ತರಿಸಿಹೋಗುವುದಕ್ಕೇ ಕ್ಲಿಪ್ಪಿಂಗ್ ಎನ್ನುವುದು, ನೀವು ಕಾಣುತ್ತಿರುವ ಕ್ಲಿಪ್ ದೀಪದ ಮಿನುಗು ಅದೇ.

ನಿಮಗೆ ಸಿಕ್ಕಿರುವ ಸಲಹೆಗಳಲ್ಲಿ ಮೊದಲು ಎರಡನೆಯದನ್ನು ನೋಡುತ್ತೇನೆ, ಏಕೆಂದರೆ ಅತಿ ಹೆಚ್ಚು ಸ್ಪೀಕರ್‌ಗಳನ್ನು ಕೊಂದಿರುವ ತಪ್ಪು ತಿಳಿವಳಿಕೆ ಅದೇ ಎಂದು ನನ್ನ ಅನುಭವ ಹೇಳುತ್ತದೆ. ಆಂಪ್ಲಿಫೈಯರ್‌ನ ಮುಖದ ಮೇಲಿರುವ ನಾಬ್ ಪವರನ್ನು ಅಳೆದು ಕೊಡುವ ನಲ್ಲಿಯಲ್ಲ. ಒಳಗೆ ಬರುವ ಸಿಗ್ನಲ್ಲನ್ನು ಎಷ್ಟು ಕುಗ್ಗಿಸಿ ಮುಂದಕ್ಕೆ ಬಿಡಬೇಕು ಎಂಬುದನ್ನಷ್ಟೇ ಅದು ನಿರ್ಧರಿಸುತ್ತದೆ; ಅದರ ಹಿಂದಿರುವ ಔಟ್‌ಪುಟ್ ಹಂತದ 400 ವ್ಯಾಟ್ ಸಾಮರ್ಥ್ಯ ನಾಬ್ ಎಲ್ಲಿದ್ದರೂ ಹಾಗೆಯೇ ಇರುತ್ತದೆ. ನಾಬನ್ನು 12 ಡಿಬಿ ಇಳಿಸಿ, ಮಿಕ್ಸರನ್ನು 12 ಡಿಬಿ ಏರಿಸಿದರೆ ಸ್ಪೀಕರ್‌ಗೆ ಹೋಗುವುದು ಮೊದಲಿನಷ್ಟೇ ಪವರ್. 'ಅರ್ಧಕ್ಕಿಟ್ಟಿದ್ದೇನೆ, ಇನ್ನೇನೂ ಆಗದು' ಎಂಬ ಧೈರ್ಯದಲ್ಲಿ ಮಿಕ್ಸರ್‌ನ ಮಾಸ್ಟರನ್ನು (ಒಟ್ಟು ಧ್ವನಿಯ ಮಟ್ಟ ಹೊಂದಿಸುವ ಫೇಡರ್, ಅಂದರೆ ಜಾರುಗುಂಡಿ) ತಳ್ಳುತ್ತ ಹೋದವರ ಬಾಕ್ಸ್‌ಗಳನ್ನು ನಾನು ಅನೇಕ ಸಲ ಬಿಚ್ಚಿದ್ದೇನೆ. ಸಾಲದ್ದಕ್ಕೆ 'ಅರ್ಧ' ಎಂಬುದು ಒಂದು ಅಳತೆಯೂ ಅಲ್ಲ. ನಾಬ್ ಮಧ್ಯದಲ್ಲಿದ್ದಾಗ ಒಂದು ಆಂಪ್ಲಿಫೈಯರ್ 6 ಡಿಬಿ ಇಳಿಸಿದರೆ ಇನ್ನೊಂದು 20 ಡಿಬಿ ಇಳಿಸಬಹುದು. ನಾಬಿನ ಸುತ್ತ ಡಿಬಿ ಗುರುತುಗಳಿದ್ದರೆ ಅವನ್ನೇ ಓದಿ, ಗಡಿಯಾರದ ಮುಳ್ಳಿನ ಲೆಕ್ಕವನ್ನು ಬಿಟ್ಟುಬಿಡಿ.

'ಯಾವಾಗಲೂ ಫುಲ್' ಎಂಬ ಸಲಹೆಯಲ್ಲಿ ಸ್ವಲ್ಪ ಸತ್ಯವಿದೆ. ಆಂಪ್ಲಿಫೈಯರ್ ಫುಲ್ ಇದ್ದರೆ ಅದಕ್ಕೆ ಕೆಡುಕೇನೂ ಇಲ್ಲ. ದೊಡ್ಡ ವ್ಯವಸ್ಥೆಗಳಲ್ಲಿ ನಾಬ್‌ಗಳನ್ನು ಫುಲ್ ಇಟ್ಟು, ಮಟ್ಟ ಹೊಂದಿಸುವ ಮತ್ತು ಮಿತಿ ಹಾಕುವ ಕೆಲಸವನ್ನು ಮಧ್ಯದಲ್ಲಿರುವ ಪ್ರೊಸೆಸರ್‌ಗೆ ವಹಿಸುವ ಕ್ರಮವಿದೆ; ನಾಬನ್ನು ಯಾರಾದರೂ ಆಕಸ್ಮಿಕವಾಗಿ ತಿರುಗಿಸಿದರೂ ಅದು ಇಳಿಯಬಹುದೇ ಹೊರತು ಏರಲಾರದು ಎಂಬ ಅನುಕೂಲ ಅಲ್ಲಿ ಸಿಗುತ್ತದೆ. ಆದರೆ ಆ ಪ್ರೊಸೆಸರ್ ಇಲ್ಲದ ಕಡೆ ಅದೇ ಕ್ರಮವನ್ನು ಅನುಸರಿಸಿದರೆ ನಿಮ್ಮಲ್ಲಿ ಆಗುತ್ತಿರುವುದೇ ಆಗುತ್ತದೆ.

ಡಯಾಫ್ರಾಮ್ ಸುಡುವ ವಿಷಯಕ್ಕೆ ಬರೋಣ. ಕ್ಲಿಪ್ ಆದ ಅಲೆಯ ತಲೆ ಚಪ್ಪಟೆಯಾಗುವುದರಿಂದ ಸ್ಪೀಕರ್‌ಗೆ ಡಿಸಿ ಹೋಗುತ್ತದೆ, ಅದರಿಂದ ಸುಡುತ್ತದೆ ಎಂಬ ವಿವರಣೆಯನ್ನು ನೀವೂ ಕೇಳಿರಬಹುದು. ಅಲೆಯ ತಲೆ ಚಪ್ಪಟೆಯಾದ ಮಾತ್ರಕ್ಕೆ ಅದು ಡಿಸಿ ಆಗುವುದಿಲ್ಲ, ಮೇಲಿನಷ್ಟೇ ಕೆಳಗೂ ಹೋಗುತ್ತಿರುತ್ತದೆ. ಅಲ್ಲದೆ ಬಾಕ್ಸಿನೊಳಗೆ ಧ್ವನಿಯನ್ನು ಕೋನ್ ಮತ್ತು ಹಾರ್ನ್‌ಗೆ ಹಂಚುವ ಕ್ರಾಸೋವರ್‌ನಲ್ಲಿ ಹಾರ್ನ್‌ಗೆ ಹೋಗುವ ದಾರಿಯಲ್ಲಿ ಸಾಮಾನ್ಯವಾಗಿ ಒಂದು ಕೆಪಾಸಿಟರ್ ಇದ್ದು, ಅದು ಡಿಸಿಯನ್ನು ತಡೆಯುತ್ತದೆ. ನಿಜವಾದ ಕಾರಣ ಬೇರೆಯೇ ಇದೆ. ಸಂಗೀತದ ಶಕ್ತಿಯ ಬಹುಪಾಲು ಕೆಳಸ್ಥಾಯಿಯ ಧ್ವನಿಗಳಲ್ಲಿರುತ್ತದೆ, ಆಂಪ್ಲಿಫೈಯರ್‌ನ ಮಿತಿಗೆ ಮೊದಲು ಹೋಗಿ ತಾಗುವುದೂ ಅವೇ. ಮಿತಿ ತಾಗಿದ ಮೇಲೆ ನೀವು ಫೇಡರನ್ನು ಇನ್ನೂ 10 ಡಿಬಿ ಏರಿಸಿದಿರಿ ಎಂದುಕೊಳ್ಳಿ. ಕೆಳಸ್ಥಾಯಿಯ ದೊಡ್ಡ ಅಲೆಗಳು ಏರಲು ಜಾಗವಿಲ್ಲದೆ ಅಲ್ಲೇ ನಿಲ್ಲುತ್ತವೆ. ಮೇಲ್‌ಸ್ಥಾಯಿಯ ಸಣ್ಣ ಅಲೆಗಳಿಗೆ ಅವುಗಳ ನಡುನಡುವೆ ಬೇಕಾದಷ್ಟು ಜಾಗವಿರುವುದರಿಂದ ಅವು ಪೂರ್ತಿ 10 ಡಿಬಿ ಏರುತ್ತವೆ, ಅಂದರೆ ಹಾರ್ನ್‌ಗೆ ಮೊದಲಿನ ಹತ್ತು ಪಟ್ಟು ಪವರ್ ಹೋಗತೊಡಗುತ್ತದೆ. ಅದರ ಮೇಲೆ ಕ್ಲಿಪ್ಪಿಂಗ್‌ನಿಂದಲೇ ಹುಟ್ಟುವ ಹಾರ್ಮೋನಿಕ್‌ಗಳೂ (ಮೇಲ್‌ಸ್ಥಾಯಿಯ ಹೊಸ ಅಲೆಗಳೂ) ಸೇರಿಕೊಳ್ಳುತ್ತವೆ. ಬಾಕ್ಸಿನ ಮೇಲೆ 300 ವ್ಯಾಟ್ ಎಂದು ಬರೆದಿದ್ದರೂ ಅದರೊಳಗಿನ ಹಾರ್ನ್ ಡ್ರೈವರ್ ದೀರ್ಘಕಾಲ ತಾಳುವುದು ಕೆಲವು ಹತ್ತು ವ್ಯಾಟ್‌ಗಳನ್ನು ಮಾತ್ರ.

ಸುಟ್ಟ ಡಯಾಫ್ರಾಮನ್ನು ಕೈಗೆತ್ತಿಕೊಂಡು ನೋಡಿದರೆ ಇದು ಕಣ್ಣಿಗೇ ಕಾಣುತ್ತದೆ. ಡ್ರೈವರ್‌ನ ಹಿಂಬದಿಯ ಮುಚ್ಚಳದ ಸ್ಕ್ರೂಗಳನ್ನು ಬಿಚ್ಚಿ ಡಯಾಫ್ರಾಮನ್ನು ನೇರವಾಗಿ ಮೇಲಕ್ಕೆತ್ತಿದಾಗ, ಅದರ ಅಂಚಿನಲ್ಲಿ ಕೂದಲೆಳೆಯಂಥ ತಂತಿಯನ್ನು ಸುತ್ತಿದ ವಾಯ್ಸ್ ಕಾಯಿಲ್ ಕಾಣುತ್ತದೆ. ಬಿಸಿಯಿಂದ ಸತ್ತ ಕಾಯಿಲ್ ಕಂದು ಅಥವಾ ಕಪ್ಪು ಬಣ್ಣಕ್ಕೆ ತಿರುಗಿರುತ್ತದೆ, ಅಂಟು ಬಿಟ್ಟು ಒಂದೆರಡು ಸುತ್ತು ಸಡಿಲಾಗಿರುತ್ತದೆ, ಮೂಗಿನ ಹತ್ತಿರ ತಂದರೆ ಸುಟ್ಟ ವಾರ್ನಿಶ್ ವಾಸನೆ ಬರುತ್ತದೆ. ಕಾಯಿಲ್ ಹೊಳಪು ಕಳೆದುಕೊಳ್ಳದೆ, ಡಯಾಫ್ರಾಮ್‌ನ ಗುಮ್ಮಟ ಮಾತ್ರ ಬಿರುಕು ಬಿಟ್ಟಿದ್ದರೆ ಅಥವಾ ಕಾಯಿಲ್‌ಗೆ ಬರುವ ತಂತಿ ಬುಡದಲ್ಲಿ ತುಂಡಾಗಿದ್ದರೆ, ಅದು ಬಿಸಿಯ ಕೆಲಸವಲ್ಲ. ಯಾರೋ ಮೈಕನ್ನು ಕೆಳಕ್ಕೆ ಬೀಳಿಸಿದಾಗಲೋ, ಆಂಪ್ಲಿಫೈಯರ್ ಆನ್ ಇರುವಾಗಲೇ ಮಿಕ್ಸರ್‌ನ ಸ್ವಿಚ್ ಹಾಕಿದಾಗಲೋ ಆದ 'ಧಡ್' ಎಂಬ ಹೊಡೆತದ ಕೆಲಸ. ಹೀಗಾಗಿ ಆನ್ ಮಾಡುವಾಗ ಆಂಪ್ಲಿಫೈಯರ್ ಎಲ್ಲಕ್ಕಿಂತ ಕೊನೆಗೆ, ಆಫ್ ಮಾಡುವಾಗ ಎಲ್ಲಕ್ಕಿಂತ ಮೊದಲು.

ಮೂರನೆಯ ಸಲಹೆಯಾದ 800 ವ್ಯಾಟಿನ ಆಂಪ್ಲಿಫೈಯರನ್ನು ಈಗಲೇ ಕೊಳ್ಳುವುದಕ್ಕೆ ನನ್ನ ಒಪ್ಪಿಗೆಯಿಲ್ಲ. ಪವರ್ ಎರಡು ಪಟ್ಟಾದರೆ ಸಿಗುವುದು 3 ಡಿಬಿ, ಅದು ಕಿವಿಗೆ ಗೊತ್ತಾಗುವಷ್ಟೇ ಹೊರತು ದೊಡ್ಡ ವ್ಯತ್ಯಾಸವೇನಲ್ಲ; ಧ್ವನಿ ಎರಡು ಪಟ್ಟು ಜೋರಾಯಿತೆಂದು ಅನಿಸಲು ಸುಮಾರು 10 ಡಿಬಿ, ಅಂದರೆ ಹತ್ತು ಪಟ್ಟು ಪವರ್ ಬೇಕು. ಸ್ಪೀಕರ್ ಕ್ಲಿಪ್ಪಿಂಗ್ ಇಲ್ಲದ ಶುದ್ಧ ಪವರ್‌ನಿಂದಲೂ ಸುಡುತ್ತದೆ. ಈಗಿನ ಅಭ್ಯಾಸದಲ್ಲೇ 800 ವ್ಯಾಟಿನ ಆಂಪ್ಲಿಫೈಯರ್ ಜೋಡಿಸಿದರೆ ಕ್ಲಿಪ್ ದೀಪ ಕಡಿಮೆ ಮಿನುಗಬಹುದು, ಹಾರ್ನ್‌ನ ಜೊತೆಗೆ ಕೆಳಗಿನ ದೊಡ್ಡ ಕೋನ್ ಕೂಡ ಹೋಗಬಹುದು. ಪಳಗಿದ ಕೈಯಲ್ಲಿ, ಸಿಗ್ನಲ್ ಒಂದು ಮಟ್ಟ ಮೀರದಂತೆ ತಡೆಯುವ ಲಿಮಿಟರ್ ಹಾಕಿಕೊಂಡು ಬಳಸುವುದಾದರೆ ಮಾತ್ರ ದೊಡ್ಡ ಆಂಪ್ಲಿಫೈಯರ್ ಒಳ್ಳೆಯದೇ.

ಹಾಗಾದರೆ ನೀವು ಮಾಡಬೇಕಾದದ್ದೇನು? ಖರ್ಚಿಲ್ಲದ ದಾರಿ ಆಂಪ್ಲಿಫೈಯರ್‌ನ ನಾಬನ್ನು 12 ಡಿಬಿಯಷ್ಟು ಇಳಿಸಿ, ಮಿಕ್ಸರನ್ನು ಈಗಿರುವಂತೆಯೇ ಸೊನ್ನೆಯ ಆಸುಪಾಸಿನಲ್ಲಿ ನಡೆಸುವುದು. ಆಗ ಮೀಟರ್ ಸೊನ್ನೆಯಲ್ಲಿರುವಾಗ ಆಂಪ್ಲಿಫೈಯರ್‌ಗೆ 13 ಡಿಬಿ ಉಳಿದಿರುತ್ತದೆ. ಸರಾಸರಿ ಹೋಗುವುದು 20 ವ್ಯಾಟ್, ಮಿಕ್ಕ 380 ವ್ಯಾಟ್ ಆ ಕ್ಷಣಿಕ ತುದಿಗಳಿಗೆ ಮೀಸಲು. 20 ವ್ಯಾಟ್ ಎಂದೊಡನೆ ಗಾಬರಿಯಾಗಬೇಡಿ. 1 ವ್ಯಾಟಿಗೆ 1 ಮೀಟರ್ ದೂರದಲ್ಲಿ 96 ಡಿಬಿ ಕೊಡುವ ಸಾಧಾರಣ ಬಾಕ್ಸ್ ನಿಮ್ಮದೆಂದುಕೊಂಡರೆ, 20 ವ್ಯಾಟಿಗೆ ಅದೇ ದೂರದಲ್ಲಿ 109 ಡಿಬಿ ಆಗುತ್ತದೆ. ಬಯಲಿನಲ್ಲಿ ದೂರ ಎರಡು ಪಟ್ಟಾದಾಗಲೆಲ್ಲ 6 ಡಿಬಿ ಕಳೆಯುತ್ತ ಹೋದರೆ 16 ಮೀಟರ್ ಆಚೆ ಕೂತವರಿಗೆ 85 ಡಿಬಿ ಸಿಗುತ್ತದೆ. ಗೋಡೆಗಳಿರುವ ಸಭಾಂಗಣದಲ್ಲಿ ಇನ್ನೂ ಹೆಚ್ಚು. ಎದುರುಬದುರು ಕೂತು ಮಾತಾಡುವಾಗ ನಮ್ಮ ದನಿ ಸುಮಾರು 60 ಡಿಬಿ ಇರುತ್ತದೆ ಎಂಬುದನ್ನು ನೆನೆದರೆ, ಭಾಷಣಕ್ಕೆ ಇದು ಸಾಕಷ್ಟಾಯಿತು.

ಆದರೆ ಮೊದಲ ದಿನ ಧ್ವನಿ ಕಡಿಮೆಯಾಯಿತು ಎಂದೇ ಎಲ್ಲರಿಗೂ ಅನಿಸುತ್ತದೆ. ಕತ್ತರಿಸಿಹೋದ ಒರಟು ಧ್ವನಿಯನ್ನೇ 'ಜೋರು' ಎಂದು ಗುರುತಿಸಲು ಕಿವಿ ರೂಢಿಯಾಗಿಬಿಟ್ಟಿರುತ್ತದೆ. ಮಿಕ್ಸರನ್ನು ಮೇಲೆ ತಳ್ಳುವ ಆಸೆಯನ್ನು ಒಂದೆರಡು ಕಾರ್ಯಕ್ರಮಗಳ ಮಟ್ಟಿಗೆ ತಡೆದುಕೊಳ್ಳಿ. ಆಮೇಲೂ ಹಿಂದಿನ ಸಾಲಿನವರಿಗೆ ನಿಜವಾಗಿ ಕೇಳಿಸದಿದ್ದರೆ, ಆ ಜಾಗಕ್ಕೆ ಎರಡು ಬಾಕ್ಸ್ ಸಾಲದು ಎಂದೇ ತೀರ್ಮಾನಿಸಬೇಕು. ಆಗ ಹಣವನ್ನು ಕೇಳುಗರ ಹತ್ತಿರಕ್ಕೆ ಇನ್ನೆರಡು ಬಾಕ್ಸ್ ಇಡುವುದಕ್ಕೆ ಹಾಕಿ. ದೊಡ್ಡ ಆಂಪ್ಲಿಫೈಯರ್‌ನಿಂದ ಸಿಗುವುದಕ್ಕಿಂತ ಹೆಚ್ಚಿನ ಪ್ರಯೋಜನ ಅದರಿಂದ ಸಿಗುತ್ತದೆ. ಆದರೆ 8 ಓಮಿನ ಎರಡು ಬಾಕ್ಸ್‌ಗಳನ್ನು ಒಂದೇ ಚಾನೆಲ್‌ಗೆ ಪ್ಯಾರಲಲ್ ಜೋಡಿಸಿದರೆ ಲೋಡ್ 4 ಓಮ್‌ಗೆ ಇಳಿಯುತ್ತದೆ. ನಿಮ್ಮ ಆಂಪ್ಲಿಫೈಯರ್ ಅದಕ್ಕೆ ಒಪ್ಪುತ್ತದೆಯೇ ಎಂದು ಮೊದಲು ಕೈಪಿಡಿಯಲ್ಲಿ ನೋಡಿ.

ನಾಬ್‌ಗಳನ್ನು ಫುಲ್ ಬಿಟ್ಟು ಮಿಕ್ಸರನ್ನೇ ಮೀಟರಿನ −12ರ ಹತ್ತಿರ ನಡೆಸಿದರೂ ಕ್ಲಿಪ್ಪಿಂಗ್ ನಿಲ್ಲುತ್ತದೆ. ಆದರೆ 'ಸ್‌ಸ್' ಸದ್ದು ಹಾಗೆಯೇ ಉಳಿಯುತ್ತದೆ, ಫೇಡರ್‌ಗಳು ತೀರಾ ಕೆಳಗೆ ಬಂದುಬಿಡುತ್ತವೆ. ಫೇಡರ್‌ನ ಸೊನ್ನೆಯ ಹತ್ತಿರ ಬೆರಳನ್ನು ಒಂದಿಷ್ಟು ಸರಿಸಿದರೆ ಆಗುವ ಬದಲಾವಣೆ ಒಂದೆರಡು ಡಿಬಿ. ತಳದಲ್ಲಿ ಅಷ್ಟೇ ಸರಿಸಿದರೆ ಹತ್ತು ಡಿಬಿಗೂ ಮೀರಬಹುದು. ಅಂಥ ಜಾಗದಲ್ಲಿ ಗಾಯಕರ ದನಿಯನ್ನು ನಯವಾಗಿ ಏರಿಸಿ ಇಳಿಸುವುದು ಯಾರಿಗೂ ಸಾಧ್ಯವಿಲ್ಲ.

ಮಿಕ್ಸರ್ ಮತ್ತು ಆಂಪ್ಲಿಫೈಯರ್ ನಡುವೆ ಲಿಮಿಟರ್ ಸೇರಿಸುವುದು ಇನ್ನೊಂದು ಆಯ್ಕೆ. ನಾಬ್ ಇಳಿಸಿದ್ದರೂ ಉತ್ಸಾಹದಲ್ಲಿ ಯಾರಾದರೂ ಫೇಡರ್ ತಳ್ಳಿಬಿಡಬಹುದೆಂಬ ಅಪಾಯಕ್ಕೆ ಇದೊಂದೇ ನಿಜವಾದ ತಡೆ, ಆದ್ದರಿಂದ ಬೇರೆ ಬೇರೆ ಜನ ಮಿಕ್ಸರ್ ಮುಂದೆ ಕೂರುವ ತಂಡಗಳಿಗೆ ನಾನು ಇದನ್ನು ಒತ್ತಾಯಿಸಿಯೇ ಹೇಳುತ್ತೇನೆ. ಆದರೆ ತುದಿಗಳಿಗೆ ಮಾತ್ರ ಮಿತಿ ಹಾಕುವ ಲಿಮಿಟರ್ ಸರಾಸರಿ ಏರುವುದನ್ನು ತಡೆಯುವುದಿಲ್ಲ. ಅದು ಇಡೀ ಹೊತ್ತು ಕೆಲಸ ಮಾಡುತ್ತಲೇ ಇದ್ದರೆ ಕ್ಲಿಪ್ ದೀಪ ಹತ್ತದೆಯೇ ಕಾಯಿಲ್ ಬಿಸಿಯಾಗುತ್ತಿರುತ್ತದೆ. ಅತಿ ಜೋರಾದ ಕ್ಷಣಗಳಲ್ಲಿ ಮಾತ್ರ ಅದರ ದೀಪ ಮಿನುಗುವಂತೆ ಇಡಬೇಕು.

ಕಾರ್ಯಕ್ರಮಕ್ಕೆ ಮೊದಲು ಮಟ್ಟ ಹೊಂದಿಸುವಾಗ ಸಿಗ್ನಲ್ ಹರಿಯುವ ದಿಕ್ಕಿನಲ್ಲೇ ಸಾಗಬೇಕು, ಆಂಪ್ಲಿಫೈಯರನ್ನು ಕೊನೆಗಿಡಬೇಕು. ಅದರ ನಾಬ್‌ಗಳನ್ನು ಪೂರ್ತಿ ಇಳಿಸಿ ಶುರುಮಾಡಿ. ಒಂದೊಂದೇ ಚಾನೆಲ್‌ನ ಪಿಎಫ್‌ಎಲ್ ಗುಂಡಿ (ಫೇಡರ್‌ಗೆ ಮೊದಲಿನ ಮಟ್ಟವನ್ನು ಮೀಟರಿನಲ್ಲಿ ತೋರಿಸುವುದು) ಒತ್ತಿ, ಗಾಯಕರು ಕಾರ್ಯಕ್ರಮದಲ್ಲಿ ಹಾಡುವಷ್ಟೇ ಜೋರಾಗಿ ಹಾಡುವಂತೆ ಕೇಳಿಕೊಂಡು, ಮೀಟರ್ ಸೊನ್ನೆಯ ಸುತ್ತಮುತ್ತ ಆಡುವಂತೆ ಗೇನ್ (ಚಾನೆಲ್‌ಗೆ ಬರುವ ಸಿಗ್ನಲ್ಲನ್ನು ವರ್ಧಿಸುವ ನಾಬ್) ಇಡಿ. ಜನ ಸೇರಿದ ಮೇಲೆ ಎಲ್ಲರೂ ಸೌಂಡ್ ಚೆಕ್‌ಗಿಂತ ಜೋರಾಗಿ ಹಾಡುತ್ತಾರೆ; ಆ ಕಾರಣಕ್ಕೆ ನಾನು 6 ಡಿಬಿಯಷ್ಟನ್ನು ಯಾವತ್ತೂ ಬಿಟ್ಟುಕೊಂಡಿರುತ್ತೇನೆ. ದನಿಯ ಮೈಕ್‌ಗಳಿಗೆಲ್ಲ 80ರಿಂದ 100 ಹರ್ಟ್ಸ್‌ನ ಲೋ ಕಟ್ (ಅದಕ್ಕಿಂತ ಕೆಳಗಿನ ಸ್ಥಾಯಿಯನ್ನು ಕಡಿಮೆ ಮಾಡುವ ಗುಂಡಿ) ಒತ್ತಿಡಿ. ಉಸಿರಿನ ಹೊಡೆತ, ಸ್ಟ್ಯಾಂಡ್‌ನ ಅದುರು ಇತ್ಯಾದಿಗಳು ಆಂಪ್ಲಿಫೈಯರ್‌ನ ಪವರನ್ನು ಸುಮ್ಮನೆ ತಿನ್ನದಂತೆ ಅದು ನೋಡಿಕೊಳ್ಳುತ್ತದೆ. ನಂತರ ಮಾಸ್ಟರನ್ನು ಸೊನ್ನೆಗೆ ತಂದು, ಫೇಡರ್‌ಗಳಲ್ಲಿ ಮಿಕ್ಸ್ ಕಟ್ಟಿ. ಕೊನೆಗೆ ಆಂಪ್ಲಿಫೈಯರ್‌ನ ನಾಬನ್ನು ನಿಧಾನವಾಗಿ ಏರಿಸುತ್ತ, ಸಭಾಂಗಣಕ್ಕೆ ಸಾಕೆನಿಸಿದಲ್ಲಿ ನಿಲ್ಲಿಸಿ, ಪಕ್ಕದಲ್ಲಿ ಟೇಪ್ ಅಂಟಿಸಿ ಗುರುತು ಹಾಕಿ. ನಿಮ್ಮ ಲೆಕ್ಕದ ಪ್ರಕಾರ ಆ ಗುರುತು −12ಕ್ಕಿಂತ ಬಹಳ ಮೇಲಿದ್ದರೆ ಮಿಕ್ಸರ್‌ನಲ್ಲಿ ಯಾವುದೋ ಒಂದು ಹಂತ ತೀರಾ ಕೆಳಗಿದೆ ಎಂದು ತಿಳಿದು ಮತ್ತೆ ಹಿಂದಿನಿಂದ ನೋಡಿಕೊಂಡು ಬನ್ನಿ.

ಇಲ್ಲೊಂದು ಸೂಕ್ಷ್ಮವಿದೆ, ಬಹಳ ಮಂದಿ ಎಡವುವುದು ಇಲ್ಲೇ. ಒಂದೊಂದು ಚಾನೆಲ್ಲೂ ಸೊನ್ನೆಯಲ್ಲಿದ್ದರೆ ಒಟ್ಟು ಸೊನ್ನೆಯಾಗಿರುವುದಿಲ್ಲ. ಒಂದೇ ಮಟ್ಟದ ಎಂಟು ಬೇರೆ ಬೇರೆ ಸಿಗ್ನಲ್‌ಗಳು ಕೂಡಿದಾಗ ಮಟ್ಟ ಸುಮಾರು 9 ಡಿಬಿ ಏರುತ್ತದೆ. ಅದನ್ನು ಸರಿಪಡಿಸಲು ಮಾಸ್ಟರ್ ಇಳಿಸುವವರೇ ಹೆಚ್ಚು. ಚಾನೆಲ್‌ಗಳೆಲ್ಲ ಕೂಡುವ ಸರ್ಕ್ಯೂಟ್ ಮಾಸ್ಟರ್ ಫೇಡರ್‌ಗಿಂತ ಮೊದಲೇ ಬರುವುದರಿಂದ, ಧ್ವನಿ ಅಲ್ಲಿ ಒಡೆದರೆ ಮಾಸ್ಟರ್ ಎಷ್ಟೇ ಇಳಿಸಿದರೂ ಒಡೆದ ಧ್ವನಿಯೇ ಸಣ್ಣದಾಗಿ ಕೇಳುತ್ತದೆ. ಮೀಟರ್ ಕೂಡ ಆಗ ಹಸಿರಾಗಿಯೇ ಇರುತ್ತದೆ. ಚಾನೆಲ್ ಫೇಡರ್‌ಗಳನ್ನೇ ಒಟ್ಟಿಗೆ ಇಳಿಸುವುದು ಸರಿಯಾದ ಕ್ರಮ. ಮುಂದೆಂದಾದರೂ ಡಿಜಿಟಲ್ ಮಿಕ್ಸರ್‌ಗೆ ಹೋದರೆ ಅದರ ಮೀಟರಿನ ಸೊನ್ನೆ ಕಟ್ಟಕಡೆಯ ಮಿತಿ ಎಂಬುದು ನೆನಪಿರಲಿ. ಅಲ್ಲಿ ಸರಾಸರಿ −18ರ ಆಸುಪಾಸಿನಲ್ಲಿರಬೇಕು.

'ಸ್‌ಸ್' ಸದ್ದಿನ ಮೂಲವನ್ನು ಹತ್ತು ನಿಮಿಷದಲ್ಲಿ ಪತ್ತೆಹಚ್ಚಬಹುದು. ಯಾರೂ ಮಾತಾಡದಿರುವಾಗ ಆಂಪ್ಲಿಫೈಯರ್‌ನ ನಾಬ್ ಪೂರ್ತಿ ಇಳಿಸಿ. ಆಗಲೂ ಸದ್ದು ಉಳಿದರೆ ಅದು ಆಂಪ್ಲಿಫೈಯರ್‌ನದೇ. ನಾಬ್ ಮತ್ತೆ ಏರಿಸಿ ಮಿಕ್ಸರ್‌ನ ಮಾಸ್ಟರ್ ಇಳಿಸಿ. ಸದ್ದು ಹೋಗದಿದ್ದರೆ ಅದು ಮಿಕ್ಸರ್‌ನ ಔಟ್‌ಪುಟ್ ಹಂತದ ಸಹಜ ಗದ್ದಲ, ನಿಮ್ಮ ಆಂಪ್ಲಿಫೈಯರ್ ಫುಲ್ ಇರುವುದರಿಂದ ಅದೂ ಪೂರ್ತಿ ದೊಡ್ಡದಾಗಿ ಕೇಳುತ್ತಿದೆ. ನಾಬ್ 12 ಡಿಬಿ ಇಳಿದರೆ ಅದೂ ಅಷ್ಟೇ ಇಳಿಯುತ್ತದೆ. ಮಾಸ್ಟರ್ ಇಳಿಸಿದೊಡನೆ ಸದ್ದು ಹೋದರೆ ಅಗತ್ಯಕ್ಕಿಂತ ಹೆಚ್ಚು ಗೇನ್ ಇಟ್ಟ ಅಥವಾ ಬಳಸದೆ ತೆರೆದಿಟ್ಟ ಚಾನೆಲ್‌ಗಳನ್ನು ಹುಡುಕಿ. 'ಸ್‌ಸ್' ಬದಲು 'ಗುಂಯ್' ಎಂಬ ಹಮ್ ಕೇಳಿದರೆ ಅದು ಲೆವೆಲ್‌ನ ದೋಷವಲ್ಲ, ಹೆಚ್ಚಾಗಿ ಅರ್ಥಿಂಗ್ ಲೂಪ್‌ನದು. ಡಿಐ ಬಾಕ್ಸ್ (ವಾದ್ಯವನ್ನು ಮಿಕ್ಸರ್‌ಗೆ ಜೋಡಿಸುವ ಪೆಟ್ಟಿಗೆ) ಅಥವಾ ಐಸೊಲೇಶನ್ ಟ್ರಾನ್ಸ್‌ಫಾರ್ಮರ್ ಹಾಕಿ ಸರಿಪಡಿಸಿ. ಪ್ಲಗ್‌ನ ಅರ್ಥ್ ಪಿನ್ ಕಿತ್ತು ಹಮ್ ನಿಲ್ಲಿಸುವವರನ್ನು ಕಂಡಿದ್ದೇನೆ. ಮೈಕ್ ಹಿಡಿದು ನಿಂತವರ ಜೀವದ ಪ್ರಶ್ನೆ ಅದು, ದಯವಿಟ್ಟು ಯಾವ ಕಾರಣಕ್ಕೂ ಹಾಗೆ ಮಾಡಬೇಡಿ.

ಇದನ್ನೆಲ್ಲ ಮಾಡುವಾಗ ಫೀಡ್‌ಬ್ಯಾಕ್ (ಸ್ಪೀಕರ್‌ನ ಧ್ವನಿ ಮತ್ತೆ ಮೈಕ್‌ಗೆ ಸೇರಿ ಕೂಗುವುದು) ಶುರುವಾದರೆ ಗೇನ್ ಇಳಿಸಿ ಫೇಡರ್ ಏರಿಸುವುದರಿಂದ ಪ್ರಯೋಜನವಿಲ್ಲ. ಮೈಕ್‌ನಿಂದ ಸ್ಪೀಕರ್‌ವರೆಗಿನ ಒಟ್ಟು ವರ್ಧನೆಯನ್ನು ಫೀಡ್‌ಬ್ಯಾಕ್ ನೋಡುತ್ತದೆ, ಅದು ಯಾವ ನಾಬಿನಿಂದ ಬಂತೆಂಬುದನ್ನು ನೋಡುವುದಿಲ್ಲ. ಬಾಯಿ ಮತ್ತು ಮೈಕ್ ನಡುವಿನ ಅಂತರವನ್ನು 20 ಸೆಂಟಿಮೀಟರ್‌ನಿಂದ 10ಕ್ಕೆ ಇಳಿಸಿದರೆ 6 ಡಿಬಿ ಬಿಟ್ಟಿಯಾಗಿ ಸಿಗುತ್ತದೆ. ತೆರೆದ ಮೈಕ್‌ಗಳ ಸಂಖ್ಯೆಯನ್ನು ಅರ್ಧಕ್ಕಿಳಿಸಿದರೆ ಇನ್ನೊಂದು 3 ಡಿಬಿ.

ಈಗ ಹೊಸ ಡಯಾಫ್ರಾಮ್ ಹಾಕಿಸುವ ಮೊದಲು ಹಳೆಯದನ್ನು ಎಸೆಯದೆ ಬೆಳಕಿಗೆ ಹಿಡಿದು ನೋಡಿ. ಕಾಯಿಲ್ ಕಪ್ಪಾಗಿದ್ದರೆ ಮೇಲೆ ಹೇಳಿದ ಹೊಂದಾಣಿಕೆಯೇ ಮದ್ದು. ಕಪ್ಪಾಗಿರದಿದ್ದರೆ ಆನ್–ಆಫ್ ಕ್ರಮವನ್ನೂ, ಕೇಬಲ್‌ಗಳ ಸಡಿಲ ಸಂಪರ್ಕವನ್ನೂ ಅನುಮಾನಿಸಿ. ಹೊಸದನ್ನು ಕೂರಿಸುವಾಗ ಕಾಯಿಲ್ ಇಳಿಯುವ ಕಿರಿದಾದ ಸಂದಿನಲ್ಲಿ ಹಳೆಯದರ ಮಸಿ, ತಂತಿಯ ಚೂರು ಉಳಿದಿರುತ್ತದೆ. ಮಡಿಸಿದ ಅಂಟು ಟೇಪನ್ನು ಸುತ್ತಲೂ ಆಡಿಸಿ ಅದನ್ನು ಪೂರ್ತಿ ತೆಗೆಸಿ, ಇಲ್ಲವಾದರೆ ಉಜ್ಜಾಟಕ್ಕೆ ಹೊಸದೂ ಬೇಗ ಹೋಗುತ್ತದೆ. ಜೋಡಿಸುವ ಮೊದಲು ಮಲ್ಟಿಮೀಟರ್ ಇಟ್ಟರೆ 8 ಓಮಿನ ಡಯಾಫ್ರಾಮ್ ಸುಮಾರು 6 ಓಮ್ ತೋರಿಸಬೇಕು. ಎರಡೂ ಬಾಕ್ಸ್‌ಗಳ ಓದು ಹತ್ತಿರ ಹತ್ತಿರ ಇದ್ದರೆ, ನಾಬ್‌ಗಳನ್ನು −12ಕ್ಕೆ ಇಳಿಸಿ, ಮೊದಲು ಕಡಿಮೆ ಧ್ವನಿಯಲ್ಲಿ ಅರ್ಧ ಗಂಟೆ ನಡೆಸಿ ಕೇಳಿ; ಎರಡೂ ಹಾರ್ನ್‌ಗಳಲ್ಲಿ ಕರಕರ ಇಲ್ಲವೆಂದು ಖಚಿತವಾದ ಮೇಲೆ ಕಾರ್ಯಕ್ರಮಕ್ಕೆ ಒಯ್ಯಿರಿ.